ಮೇಟ್ರನ್ ಬಾಯಿಯ ಕೈಕೆಳಗೆ

ಹೋದ ಭಾನುವಾರ ಬೀದರಿನಿಂದ ಭಾಲ್ಕಿಯ ನಮ್ಮ ಮನೆಗೆ ಇಬ್ಬರು ಬಂದಿದ್ದರು. ಒಬ್ಬರು ಚರ್ಚಿನ ಹಿರಿಯರು, ಇನ್ನೊಬ್ಬರು ಅವರ ಹೆಂಡತಿ. ಮೇಟ್ರನ್ ಬಾಯಿ ತೀರಿಕೊಂಡ ಸುದ್ದಿಯನ್ನು ಅವರೇ ತಂದರು. ಬುಧವಾರ ಪ್ರಾರ್ಥನೆ ಇಟ್ಟುಕೊಂಡಿದ್ದಾರಂತೆ. ಆಕೆಯ ಕೈಕೆಳಗೆ ಕೆಲಸ ಮಾಡಿದ ನರ್ಸುಗಳಲ್ಲಿ ಎದ್ದು ನಿಂತು ಮಾತಾಡುವಷ್ಟು ಗಟ್ಟಿಯಾಗಿ ಉಳಿದವಳು ನಾನೊಬ್ಬಳೇ ಅಂತೆ.

“ನಾಲ್ಕು ಒಳ್ಳೆ ಮಾತು ಹೇಳ್ರಿ ಸಿಸ್ಟರ್,” ಅಂದರು ಹಿರಿಯರು.

“ನಾಲ್ಕು ಇಲ್ರಿ ನನ್ನ ಹತ್ರ. ಒಂದು ಅದ. ಒಂದಕ್ಕಾಗಿ ಬೀದರ ತನಕ ಯಾಕ ಬರ್ಲಿ?”

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಅವರು ನಕ್ಕರು. ಅವರ ಹೆಂಡತಿ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಚಹಾ ಕುಡಿದು ಹೋದರು. ಬುಧವಾರ ನಾನು ಹೋಗಲಿಲ್ಲ. ಮನೆಯಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದೆ. ‘ಅವರು’ ಎಂದು ಬರೆಯಬೇಕು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಕೈ ಬರುವುದಿಲ್ಲ. ಆಕೆ ಎಂದೇ ಬರೆಯುತ್ತೇನೆ.

ಬೀದರಿನ ಒಂದು ದವಾಖಾನೆಯಲ್ಲಿ ಆಕೆ ಮೇಟ್ರನ್. ಹೈದರಾಬಾದಿನಲ್ಲಿ ತರಬೇತಿ ಮುಗಿಸಿಕೊಂಡು ನಾನು ಅಲ್ಲಿಗೆ ಹೋದಾಗ ನನಗೆ ಇಪ್ಪತ್ತು. ಎತ್ತರದ ಹೆಂಗಸು, ಒಣಗಿದ ಮೈ, ಗಂಜಿ ಹಾಕಿದ ಬಿಳಿ ಸೀರೆ. ನಡೆಯುವಾಗ ಸಪ್ಪಳವೇ ಆಗುತ್ತಿರಲಿಲ್ಲ, ಅಡಿಗೆ ರಬ್ಬರು ಹಾಕಿಸಿದ ಬೂಟು ತೊಡುತ್ತಿದ್ದಳು. ವಾರ್ಡಿನಲ್ಲಿ ನಾವು ಇಬ್ಬರು ನಿಂತು ಮಾತಾಡುತ್ತಿದ್ದರೆ ಯಾವಾಗ ಬೆನ್ನ ಹಿಂದೆ ಬಂದು ನಿಂತಳೆಂಬುದೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ನಮ್ಮ ಕೈ ಹಿಡಿದು ಮೂಸಿ ನೋಡುತ್ತಿದ್ದಳು. ಉಳ್ಳಾಗಡ್ಡಿ ವಾಸನೆ ಬಂದರೆ ಆ ದಿನ ಬೆಡ್‌ಪ್ಯಾನ್ ತೊಳೆಯುವ ಕೆಲಸ. ನಾವು ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ ತಿಂದು ಬೆಳೆದವರು ಎಂಬುದು ಆಕೆಗೆ ಗೊತ್ತಿತ್ತು. ಅದಕ್ಕಾಗಿಯೇ ಮೂಸುತ್ತಿದ್ದಳು.

ಆಕೆಯೂ ನಮ್ಮ ಚರ್ಚಿನವಳೇ. ಹೊರಗಿನವರು ಇದನ್ನು ಕೇಳಿದರೆ, ಹಾಗಾದರೆ ನಿಮಗೆ ಅನುಕೂಲವೇ ಆಗಿರಬೇಕು ಅನ್ನುತ್ತಾರೆ. ಆಗಲಿಲ್ಲ. ಆಕೆ ಊರೊಳಗಿನ ಮಿಷನ್ ಕಂಪೌಂಡಿನಲ್ಲಿ ಹುಟ್ಟಿ, ಉರ್ದು ಶಾಲೆಯಲ್ಲಿ ಕಲಿತು, ಡಾಕ್ಟರ ಜೊತೆ ಸಲೀಸಾಗಿ ಉರ್ದು ಮಾತಾಡುವವಳು. ನಾನು ಔರಾದ ತಾಲೂಕಿನ ಹಳ್ಳಿಯವಳು. ನನ್ನ ಅಪ್ಪ ಅಲ್ಲಿ ಮಿಷನ್ ಶಾಲೆಯ ಮಾಸ್ತರ. ಒಂದೇ ಕೋಣೆ, ನಾಲ್ಕನೆಯ ಇಯತ್ತೆ ತನಕ. ನನ್ನ ಅಜ್ಜ ಊರ ಹೊರಗಿನ ಓಣಿಯಲ್ಲಿ ಇದ್ದವನು. ಆಕೆಯ ಅಜ್ಜನೂ ಅಂಥದೇ ಓಣಿಯಿಂದ ಬಂದವನು ಎಂಬುದು ಎಲ್ಲರಿಗೂ ಗೊತ್ತಿತ್ತು. ಆಕೆ ಮಾತ್ರ ಮರೆತಿದ್ದಳು. ನಮ್ಮನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. “ಏ ಔರಾದ,” “ಏ ಭಾಲ್ಕಿ.” ಭಾಲ್ಕಿ ಅಂದರೆ ನನ್ನ ಗೆಳತಿ ಸುಲೋಚನಾ. ನಮ್ಮ ಜೊತೆ, ರೋಗಿಗಳ ಜೊತೆ ಮಾತ್ರ ಕನ್ನಡ, ಅದೂ ಎಮ್ಮೆ ಹೊಡೆಯುವ ಧಾಟಿಯಲ್ಲಿ.

ಒಂದು ಸಲ ಚಿಂತಾಕಿಯಿಂದ ಚೊಚ್ಚಲ ಹೆರಿಗೆಗೆಂದು ಒಂದು ಹುಡುಗಿಯನ್ನು ಎತ್ತಿನ ಬಂಡಿಯಲ್ಲಿ ತಂದರು. ನೋವಿಗೆ ಕೂಗುತ್ತಿದ್ದಳು. ಮೇಟ್ರನ್ ಬಾಯಿ ಹೋಗಿ ಅವಳ ತೊಡೆಯ ಮೇಲೆ ಪಟಪಟ ಎರಡು ಏಟು ಕೊಟ್ಟಳು.

“ಹಡೀಲಿಕ್ಕೆ ಬಂದೀಯೋ, ಹಾಡ್ಲಿಕ್ಕೆ ಬಂದೀಯೋ? ಬಾಯಿ ಮುಚ್ಚು.”

“ಬಾಯಾರ, ಹೊಡೀಬ್ಯಾಡ್ರಿ. ಸಣ್ಣ ಹುಡುಗಿ ಅದ,” ಅಂದೆ ನಾನು. ಬಾಯಿ ತಪ್ಪಿ ಬಂತು.

ಆಕೆ ತಿರುಗಿ ನೋಡಿದಳು. ಬೈಯಲಿಲ್ಲ. ಮರುದಿನದಿಂದ ಒಂದು ತಿಂಗಳು ನನ್ನನ್ನು ಸೂಜಿ, ಕತ್ತರಿ ಕುದಿಸುವ ಕೋಣೆಗೆ ಹಾಕಿದಳು. ಮೇ ತಿಂಗಳು. ಬೀದರ ಎತ್ತರದಲ್ಲಿದೆ, ಗಾಳಿ ತಂಪು ಎಂದು ಹೇಳುವವರು ಆ ಕೋಣೆಯಲ್ಲಿ ಒಂದು ಮಧ್ಯಾಹ್ನ ನಿಲ್ಲಬೇಕಿತ್ತು. ನನ್ನ ಮುಂಗೈ ಮೇಲೆ ಹಬೆ ಸುಟ್ಟ ಕಲೆ ಇನ್ನೂ ಇದೆ.

ಆ ಒಂದು ಒಳ್ಳೆ ಮಾತು ಹೇಳಿ ಮುಗಿಸಿಬಿಡುತ್ತೇನೆ. ಅದೇ ವರ್ಷ ಒಬ್ಬ ಬಾಣಂತಿಗೆ ಹೆರಿಗೆಯ ಬೆನ್ನಿಗೇ ರಕ್ತ ಹರಿಯಲು ಶುರುವಾಯಿತು. ಡಾಕ್ಟರು ಊರಲ್ಲಿರಲಿಲ್ಲ. ಮೇಟ್ರನ್ ಬಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯ ಮುಷ್ಟಿ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಒತ್ತಿ ಹಿಡಿದು ಒಂದು ತಾಸಿಗೂ ಹೆಚ್ಚು ಹೊತ್ತು ನಿಂತಳು. ಒಂದು ಸಲವೂ ಕೈ ತೆಗೆಯಲಿಲ್ಲ. ಮುಖದ ಬೆವರನ್ನು ನಾನೇ ಒರೆಸಿದೆ. ಬಾಣಂತಿ ಬದುಕಿದಳು. ಆ ಕೆಲಸವನ್ನು ನಾನು ಆಕೆಯಿಂದಲೇ ಕಲಿತೆ, ಮುಂದೆ ಭಾಲ್ಕಿಯಲ್ಲಿ ಎಷ್ಟೋ ಹೆಂಗಸರನ್ನು ಉಳಿಸಿದೆ. ಆಕೆಯ ಕೈ ಒಳ್ಳೆಯದಿತ್ತು. ಒಳ್ಳೆಯ ಮಾತು ಇಲ್ಲಿಗೆ ಮುಗಿಯಿತು.

ಈಗ ನೌಕರಿಯ ಕತೆ. ಹೈದರಾಬಾದ ರಾಜ್ಯವನ್ನು ಒಡೆದು ಹಂಚುತ್ತಾರೆ, ಬೀದರ ಮೈಸೂರಿಗೆ ಹೋಗುತ್ತದೆ ಎಂಬ ಮಾತು ಆ ವರ್ಷವೆಲ್ಲ ನಡೆದಿತ್ತು. ನಮಗೆ ಮೈಸೂರು ಗೊತ್ತಿರಲಿಲ್ಲ. ಬೆಂಗಳೂರು ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ನಮ್ಮ ಕಡೆಯ ಹುಡುಗಿಯರಿಗೆ ನೌಕರಿ ಅಂದರೆ ಹೈದರಾಬಾದ. ಮುಂಜಾನೆ ರೈಲು ಹತ್ತಿದರೆ ಅದೇ ದಿನ ಮುಟ್ಟಬಹುದಿತ್ತು. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿಂದ ಒಂದು ಸುದ್ದಿ ಬಂತು. ಶಹರದ ಅಂಚಿನಲ್ಲಿ ಹೊಸದಾಗಿ ಬೆಳೆಯುತ್ತಿದ್ದ ಒಂದು ಸಣ್ಣ ಊರಿನಲ್ಲಿ ದವಾಖಾನೆ ತೆರೆಯುತ್ತಿದ್ದಾರೆ, ಆರು ಮಂದಿ ನರ್ಸುಗಳು ಬೇಕು. ಅರ್ಜಿ ನಮ್ಮ ಮೇಲಿನವರ ಮೂಲಕ, ಒಳ್ಳೆಯ ನಡತೆಯ ಚೀಟಿಯೊಡನೆ, ಅಕ್ಟೋಬರ್ ಮುಗಿಯುವುದರೊಳಗೆ ತಲುಪಬೇಕು. ತನಖಾ ಹೆಚ್ಚು. ಆದರೆ ನನಗೆ ಸಂಬಳದ ಚಿಂತೆ ಇರಲಿಲ್ಲ. ಆ ನೌಕರಿಗೆ ಕ್ವಾರ್ಟರ್ಸ್ ಇತ್ತು. ಎರಡು ಕೋಣೆ, ಮನೆಯವರನ್ನು ಇಟ್ಟುಕೊಳ್ಳಬಹುದು.

ನನಗೆ ಒಬ್ಬಳೇ ತಂಗಿ, ರೂತ್. ಅವ್ವ ಸತ್ತಾಗ ಅವಳಿಗೆ ಐದು ವರ್ಷ. ನಾನೇ ತಲೆ ಬಾಚಿ ಬೆಳೆಸಿದ್ದು. ಅಪ್ಪನ ಶಾಲೆಯ ನಾಲ್ಕು ಇಯತ್ತೆ ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತಿದ್ದಳು. ಅಪ್ಪನ ಪುಸ್ತಕಗಳನ್ನೇ ತಿರುಗಾಮುರುಗಾ ಓದುತ್ತಿದ್ದಳು. ಅವಳಿಗೆ ದಮ್ಮಿನ ರೋಗ. ಚಳಿಗಾಲದಲ್ಲಿ ಉಸಿರು ಸಿಕ್ಕಿಕೊಂಡು ನೀಲಿಯಾಗುತ್ತಿದ್ದಳು, ಅದಕ್ಕಾಗಿ ಬೋರ್ಡಿಂಗಿಗೆ ಹಾಕುವಂತಿರಲಿಲ್ಲ. ಬೀದರಿನಲ್ಲಿ ನಾವು ನರ್ಸುಗಳೆಲ್ಲ ಒಂದೇ ಹಾಲಿನಲ್ಲಿ ಮಲಗುವವರು, ಅಲ್ಲಿಗೆ ತರುವಂತಿರಲಿಲ್ಲ. ಆ ಕ್ವಾರ್ಟರ್ಸ್ ಸಿಕ್ಕರೆ ರೂತ್ ನನ್ನ ಜೊತೆ ಇದ್ದು ಶಾಲೆಗೆ ಹೋಗಬಹುದಿತ್ತು. ಉಸಿರು ಸಿಕ್ಕಿಕೊಂಡರೆ ದವಾಖಾನೆ ಬಾಗಿಲಲ್ಲೇ.

ಅಪ್ಪನಿಗೆ ಬರೆದೆ. ಅಪ್ಪ ಉತ್ತರ ಬರೆದ: “ಕಮಲನಗರದಿಂದ ಒಂದು ಸಂಬಂಧ ಕೇಳಿಕೊಂಡು ಬಂದಿದ್ದಾರೆ. ನಿನ್ನ ಮಾತಿನ ಮೇಲೆ ತಡೆದಿದ್ದೇನೆ. ಗಟ್ಟಿಯಾಗುವ ತನಕ ಹುಡುಗಿಗೆ ಹೇಳುವುದಿಲ್ಲ, ಆಸೆ ಹಚ್ಚಿ ಕೆಡಿಸುವುದು ಬೇಡ.”

ಅರ್ಜಿ ಬರೆದವರು ಮೂವರು. ನಾನು, ಸುಲೋಚನಾ, ಮತ್ತೆ ಮೇಟ್ರನ್ ಬಾಯಿಯ ಅಣ್ಣನ ಮಗಳು. ಅಣ್ಣನ ಮಗಳಿಗೆ ಸೂಜಿ ಹಾಕುವಾಗ ಕಣ್ಣು ಮುಚ್ಚುವ ಅಭ್ಯಾಸ. ಕೆಟ್ಟವಳಲ್ಲ, ಕೆಲಸಕ್ಕೆ ಬಾರದವಳು ಅಷ್ಟೆ. ನಾವಿಬ್ಬರೂ ಮೇಟ್ರನ್ ಬಾಯಿಯ ಕೋಣೆಗೆ ಅರ್ಜಿ ಒಯ್ದಾಗ ಆಕೆ ಮೊದಲ ಬಾರಿಗೆ ಕುರ್ಚಿ ತೋರಿಸಿದಳು. ಅರ್ಜಿಯನ್ನು ಪೂರಾ ಓದಿದಳು.

“ಯಾವಾಗಿಂದ ಮಾಡೀರಿ ಈ ವಿಚಾರ?”

“ಹದಿನೈದು ದಿನ ಆತ್ರಿ ಬಾಯಾರ.”

“ಛಲೋ ಅದ. ಹುಡುಗ್ಯಾರು ಮುಂದ ಬರ್ಬೇಕು. ಇಡ್ರಿ, ಕಳಿಸ್ತೇನಿ.”

ಅಂದು ನಾನು ಸುಲೋಚನಾಗೆ ಹೇಳಿದ್ದು ನೆನಪಿದೆ: “ನಾವು ಆಕೀನ ತಪ್ಪು ತಿಳ್ಕೊಂಡಿದ್ವು ನೋಡು.” ಈ ಮಾತಿಗಾಗಿ ನನ್ನ ಮೇಲೇ ನನಗೆ ಸಿಟ್ಟಿದೆ.

ಹತ್ತು ದಿನ ಬಿಟ್ಟು ಕೇಳಿದೆ. “ಕಳಿಸೀನಿ.” ಮತ್ತೆ ಕೇಳಿದೆ. “ಕಳಿಸೀನಿ ಅಂದ್ನಲ್ಲ? ಜವಾಬು ಬರ್ತದ.” ನವೆಂಬರ್ ಒಂದರಂದು ಊರಲ್ಲಿ ಬಾವುಟ ಹಾರಿಸಿದರು, ಕಚೇರಿಗಳ ಮುಂದೆ ಮಕ್ಕಳಿಗೆ ಸಿಹಿ ಹಂಚಿದರು. ನಮ್ಮ ವಾರ್ಡಿಗೂ ಒಂದು ತಾಟಿನಲ್ಲಿ ಪೇಡೆ ಬಂತು. ನಾವು ಮೈಸೂರಿನವರಾದೆವು ಎಂದು ಕಂಪೌಂಡರ್ ಹೇಳಿ ಹೋದ. ನಾನು ಪೇಡೆಯನ್ನು ಕೈಯಲ್ಲಿ ಹಿಡಿದೇ ಮೇಟ್ರನ್ ಬಾಯಿಯ ಕೋಣೆಗೆ ಹೋದೆ.

“ಈಗೇನು ಕೇಳ್ತಿ?” ಅಂದಳು. “ಹೈದರಾಬಾದ ಈಗ ಬ್ಯಾರೆ ರಾಜ್ಯ. ಇಲ್ಲಿಯೋರನ್ನ ಅಲ್ಲಿ ತೊಗೊಳ್ಳಂಗಿಲ್ಲ. ನಸೀಬು ಇರಲಿಲ್ಲ ನಿಮಗ.”

ನಾನು ನಂಬಿದೆ. ರಾಜ್ಯ ಒಡೆದದ್ದು ನಿಜ, ಅದರಲ್ಲಿ ಆಕೆಯ ತಪ್ಪೇನು ಅಂದುಕೊಂಡೆ. ಒಂದು ವಾರದ ಮೇಲೆ ಅಣ್ಣನ ಮಗಳು ಹೊಸ ಹಾಸಿಗೆ ಸುರುಳಿ ಕಟ್ಟಿಕೊಂಡು ಮುಂಜಾನೆಯ ರೈಲಿಗೆ ಹೋದಳು. ಕೇಳಿದ್ದಕ್ಕೆ, ಅವಳನ್ನು ಮೊದಲೇ ಆರಿಸಿದ್ದರು ಅಂದಳು ಮೇಟ್ರನ್ ಬಾಯಿ. ಅದನ್ನೂ ನಂಬಿದೆ.

ಏಪ್ರಿಲ್ ತಿಂಗಳಲ್ಲಿ ರೂತಳ ಲಗ್ನವಾಯಿತು. ಅವಳಿಗೆ ಹದಿನಾಲ್ಕು ತುಂಬಿರಲಿಲ್ಲ. ಕಮಲನಗರದ ಹುಡುಗ, ಕಾಳುಕಡಿಯ ಅಡತ ಅಂಗಡಿಯಲ್ಲಿ ಕೆಲಸ. ನಾನು ಎರಡು ದಿನದ ರಜೆ ಹಾಕಿ ಊರಿಗೆ ಹೋದೆ. ರೂತ್ ನನ್ನ ಜೊತೆ ಮಾತಾಡಲಿಲ್ಲ. ಅರಿಶಿನ ಹಚ್ಚುವಾಗ ಮುಖ ಆ ಕಡೆ ತಿರುಗಿಸಿದಳು. ಮನೆ ಬಿಟ್ಟು ಹೋಗುವ ಸಂಕಟ ಅಂದುಕೊಂಡೆ. ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ಕರೆದ.

“ನೀ ಅರ್ಜಿ ಹಾಕೇ ಇಲ್ಲ ಹೌದಿಲ್ಲೋ?”

“ಹಾಕೀನಪ್ಪಾ. ರಾಜ್ಯ ಒಡದು ಹೋತು, ಅದಕ್ಕ...”

“ಅದೇ ರಾಜ್ಯದಾಗ ನಿಮ್ಮ ಮೇಟ್ರನ್ ಬಾಯೀ ಅಣ್ಣನ ಮಗಳಿಗೆ ನೌಕ್ರಿ ಆಗೇದಲ್ಲ? ನನಗೂ ಸುದ್ದಿ ಬರ್ತಾವ. ತಂಗಿ ಭಾರ ಆದ್ಳು ಅಂದ್ರ ಭಾರ ಆದ್ಳು ಅಂತ ಹೇಳ್ಬೇಕಿತ್ತು. ನಾನು ಆರು ತಿಂಗಳು ಆ ಮಂದೀನ ತಡದು ನಿಲ್ಲಿಸಿದ್ದೆ.”

ಅಪ್ಪ ಎಂದೂ ದನಿ ಏರಿಸಿದವನಲ್ಲ. ಆಗಲೂ ಏರಿಸಲಿಲ್ಲ.

ಸತ್ಯ ಗೊತ್ತಾದದ್ದು ಅದೇ ಜೂನ್‌ನಲ್ಲಿ. ಅಲ್ಲಿಯವರೆಗೆ ಬರುತ್ತಿದ್ದ ಸರಕಾರಿ ಕಾಗದಗಳೆಲ್ಲ ಉರ್ದು, ಇಂಗ್ಲಿಷು. ಈಗ ಬೆಂಗಳೂರಿನಿಂದ ಕನ್ನಡದ ಸುತ್ತೋಲೆಗಳು ಬರತೊಡಗಿದವು. ಮೇಟ್ರನ್ ಬಾಯಿಗೆ ಕನ್ನಡ ಅಕ್ಷರ ಒಂದೂ ಬಾರದು. ನನಗೆ ಅಪ್ಪನ ಶಾಲೆಯ ಕನ್ನಡ ಬರುತ್ತಿತ್ತು. ಹಾಗಾಗಿ ದಿನಕ್ಕೆ ಒಂದು ಸಲ “ಏ ಔರಾದ, ಬಾ ಇಲ್ಲಿ, ಇದು ಏನಂತ ಓದು” ಎಂದು ಕರೆಯಲು ಶುರು ಮಾಡಿದಳು. ಒಂದು ದಿನ ಆಕೆ ಡಾಕ್ಟರ ಜೊತೆ ವಾರ್ಡಿನಲ್ಲಿದ್ದಾಗ, ಸಿರಿಂಜಿನ ಡಬ್ಬಿ ತರಲು ತನ್ನ ಕೋಣೆಯ ಕಪಾಟಿನ ಕೀಲಿ ಕೊಟ್ಟು ಕಳಿಸಿದಳು. ಡಬ್ಬಿ ತೆಗೆದೆ. ಕೆಳಗೆ ಕಪಾಟಿನ ಹಲಗೆಗೆ ಹಾಸಿದ ಕಾಗದದ ಮೇಲೆ ಅಯೋಡಿನ್ ಚೆಲ್ಲಿ ಕಂದು ಬಣ್ಣವಾಗಿತ್ತು. ಆ ಕಂದು ಕಲೆಯ ಪಕ್ಕದಲ್ಲಿ ನನ್ನ ಸಹಿ ಇತ್ತು. ಅದರ ಪಕ್ಕದ ಕಾಗದ ಸುಲೋಚನಾಳದು. ನಮ್ಮ ಎರಡೂ ಅರ್ಜಿಗಳು, ಮಡಿಕೆ ಬಿಚ್ಚಿ, ಹಲಗೆಯ ಅಳತೆಗೆ ಅಂಚು ಕತ್ತರಿಸಿ, ನೀಟಾಗಿ ಹಾಸಿದ್ದಳು.

ನಾನು ಅವನ್ನು ಕಿತ್ತುಕೊಂಡು ಅಲ್ಲೇ ಕೂತೆ. ಡಬ್ಬಿ ತಡವಾಯಿತೆಂದು ಬೈಯುತ್ತ ಆಕೆ ಬಂದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. ಗಾಬರಿ ಆಗಲಿಲ್ಲ.

“ಕಳಿಸೇ ಇಲ್ಲಲ್ರಿ ಇವನ್ನ?”

“ಹೌದು. ಕಳಿಸಲಿಲ್ಲ.”

“ಯಾಕ್ರಿ?”

“ಯಾಕಂದ್ರ? ನೀವಿಬ್ಬರೂ ಹೋದ್ರ ನನ್ನ ವಾರ್ಡು ಯಾರು ನೋಡ್ಬೇಕು? ಕೆಲಸ ಬರೋರನ್ನ ಕಳಿಸಿ, ಕೆಲಸ ಬಾರದಾಕೀನ ಇಟ್ಕೊಂಡು ನಾ ಏನು ಮಾಡ್ಲಿ? ಆಕೀನ ಕಳಿಸ್ದೆ, ಪೀಡಾ ಹೋತು. ನೀನು ಇಲ್ಲಿ ಬೇಕು. ಡಬ್ಬಿ ತೊಗೊಂಡು ನಡಿ.”

ಆ ಮಾತಿನಲ್ಲಿ ಹೊಗಳಿಕೆ ಇತ್ತು. ಎರಡು ವರ್ಷದಲ್ಲಿ ಆಕೆ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಬೈದು ಅರ್ಜಿ ತಡೆದಿದ್ದರೆ, ದ್ವೇಷದಿಂದ ಮಾಡಿದ್ದರೆ, ನಾನು ಇಷ್ಟು ಕುದಿಯುತ್ತಿರಲಿಲ್ಲವೇನೋ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಕಟ್ಟಿ ಹಾಕಿದಳು. ನನ್ನ ತಂಗಿಯ ಬದುಕು ಅಯೋಡಿನ್ ಬಾಟಲಿಯ ಕೆಳಗೆ ಹಾಸಿಗೆಯಾಯಿತು.

ಸುಲೋಚನಾ ಮರುದಿನವೇ ಕೆಲಸ ಬಿಟ್ಟು ಭಾಲ್ಕಿಗೆ ಹೋದಳು. ಅವಳ ಮನೆಗೆ ಹೊಲ ಇತ್ತು, ಅಣ್ಣಂದಿರಿದ್ದರು. ನನ್ನ ಹಿಂದೆ ನಿವೃತ್ತಿಯ ಅಂಚಿನಲ್ಲಿದ್ದ ಅಪ್ಪನ ಹೊರತು ಯಾರೂ ಇರಲಿಲ್ಲ. ಬಿಡುವಂತಿರಲಿಲ್ಲ. ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಂತು ಆಕೆಯ ಮೂಗಿಗೆ ಕೈ ಒಡ್ಡಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸುತ್ತೋಲೆ ಬಂತು. ಅದನ್ನು ಓದಿ ಹೇಳಿದವಳು ನಾನೇ. ಕನ್ನಡ ಬಾರದ ನೌಕರರು ಕನ್ನಡ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಬಡ್ತಿ ಇಲ್ಲ. ಓದಿ ಮುಗಿಸಿದಾಗ ಆಕೆ ಕಿಟಕಿ ಕಡೆ ನೋಡುತ್ತಿದ್ದಳು. ನಲವತ್ತು ದಾಟಿದ ಹೆಂಗಸು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

“ನಾಳಿಂದ ಡ್ಯೂಟಿ ಮುಗದ ಮ್ಯಾಲ ನನ್ನ ಮನಿಗೆ ಬಾ,” ಅಂದಳು. “ಅಕ್ಷರ ಕಲಿಸು.”

“ಕಲಿಸ್ತೇನ್ರಿ. ಆದ್ರ ಬರೀಲಿಕ್ಕೆ ಬಂದ ಮ್ಯಾಲ ಮೊದಲ ಪತ್ರ ನಮ್ಮ ಅಪ್ಪಗ ಬರೀಬೇಕು. ನಾ ಹೇಳ್ದಂಗ.”

“ಏನಂತ?”

“ಖರೇ ಏನದೋ ಅದು.”

“ಹೋಗು ಹೊರಗ.”

ಹತ್ತು ದಿನ ಕಂಪೌಂಡರನ ಹತ್ತಿರ ಕಲಿಯಲು ನೋಡಿದಳು. ಅವನು ನಗುವ ಮನುಷ್ಯ. ಆಕೆ ‘ಖ’ ಬರೆದರೆ ನಗುತ್ತಿದ್ದ, ‘ಋ’ ಬರೆದರೆ ಇನ್ನೂ ನಗುತ್ತಿದ್ದ. ಹನ್ನೊಂದನೆಯ ದಿನ ನನ್ನನ್ನು ಕರೆಸಿದಳು. “ಬರೀತೇನಿ,” ಅಂದಳು, ಅಷ್ಟೆ.

ಎರಡು ತಿಂಗಳು ಕಲಿಸಿದೆ. ಕಲಿಯುವುದರಲ್ಲಿ ಗಟ್ಟಿ, ಅದನ್ನು ಒಪ್ಪಬೇಕು. ಆದರೆ ಕಲಿಸುವವಳಿಗೆ ಒಂದು ದಿನವೂ ಕುಡಿಯಲು ನೀರು ಬೇಕೇ ಎನ್ನಲಿಲ್ಲ. ನಾನು ಬಾಗಿಲ ಬಳಿಯ ಮಣೆಯ ಮೇಲೆ, ಆಕೆ ಕುರ್ಚಿಯ ಮೇಲೆ. ತಪ್ಪು ತೋರಿಸಿದರೆ, “ಗೊತ್ತದ, ಗೊತ್ತದ” ಅನ್ನುತ್ತಿದ್ದಳು. ಕೊನೆಗೆ ಪತ್ರದ ದಿನ ಬಂತು. ನಾನು ಮೂರೇ ವಾಕ್ಯ ಹೇಳಿದೆ. ನಿಮ್ಮ ಮಗಳು ಅರ್ಜಿ ಕೊಟ್ಟಿದ್ದಳು. ನಾನು ಕಳಿಸಲಿಲ್ಲ. ಅವಳ ತಪ್ಪು ಇಲ್ಲ. ಆಕೆ ಒಂದೊಂದು ಅಕ್ಷರವನ್ನೂ ಹೊಲಿಗೆ ಹಾಕುವಂತೆ ಬರೆದು, ಕೆಳಗೆ ಸಹಿ ಮಾಡಿದಳು. ತಪ್ಪುಗಳಿದ್ದವು, ನಾನು ತಿದ್ದಲಿಲ್ಲ. ಆಕೆಯ ಕೈಯದ್ದೇ ಇರಲಿ ಎಂದು ಹಾಗೇ ಅಂಚೆಗೆ ಹಾಕಿದೆ.

ಆರನೆಯ ದಿನ ಅಪ್ಪನೇ ಬಂದ. ಔರಾದಿನಿಂದ ಮೊದಲ ಬಸ್ಸು ಹಿಡಿದಿದ್ದ. ಧೋತರದ ಮೇಲೆ ಕರಿ ಕೋಟು, ಶಾಲೆಯ ತಪಾಸಣೆಗೆ ಸಾಹೇಬರು ಬಂದಾಗ ಮಾತ್ರ ತೊಡುವ ಕೋಟು. ನನ್ನನ್ನು ನೋಡಿ ತಲೆಯ ಮೇಲೆ ಕೈ ಇಟ್ಟ. “ನಾ ತಪ್ಪು ತಿಳ್ಕೊಂಡೆ ಮಗಳಾ,” ಅಂದ. ಆಮೇಲೆ, “ನಿಮ್ಮ ಬಾಯಾರು ಎಲ್ಲಿ ಕೂಡ್ತಾರ?”

ನಾನು ಬೇಡವೆಂದೆ. ಅಪ್ಪ ಆಗಲೇ ನಡೆದಿದ್ದ. ಆಕೆಯ ಮೇಜಿನ ಮುಂದೆ ನಿಂತು ಕೋಟಿನ ಒಳಜೇಬಿನಿಂದ ಆ ಪತ್ರ ತೆಗೆದು ಬಿಡಿಸಿ ಇಟ್ಟ. ಪತ್ರದ ತುಂಬ ಕೆಂಪು ಪೆನ್ಸಿಲ್ಲಿನ ಗೆರೆಗಳು.

“ಬಾಯಾರ, ಇದರಾಗ ನಾಲ್ಕು ತಪ್ಪು ಅದಾವ. ತಿದ್ದಿ ತಂದೀನಿ. ಮೂರು ಸಣ್ಣವು. ಇದೊಂದು ದೊಡ್ಡದು ನೋಡ್ರಿ. ನೀವು ‘ನಾನು ಕಲಿಸಲಿಲ್ಲ’ ಅಂತ ಬರ್ದೀರಿ. ಅದು ಮಾಸ್ತರ ಮಾಡೋ ತಪ್ಪು. ನೀವು ಮಾಡಿದ್ದು ‘ಕಳಿಸಲಿಲ್ಲ.’”

ಈಗ ಆಕೆ ತಲೆ ತಗ್ಗಿಸುತ್ತಾಳೆ, ಕಣ್ಣಲ್ಲಿ ನೀರಾದರೂ ಬಂದೀತು ಎಂದು ನಾನು ಬಾಗಿಲಲ್ಲಿ ನಿಂತು ಕಾದೆ. ಆಕೆ ಪತ್ರವನ್ನು ಹತ್ತಿರ ಎಳೆದುಕೊಂಡಳು.

“ಕಿವಿಗೆ ಎರಡೂ ಒಂದೇ ಕೇಳಸ್ತಾವ,” ಅಂದಳು.

“ಒಂದೇ ಅಲ್ರಿ. ನಾಲಿಗಿ ಹಿಂದಕ್ಕ ಮಡಚ್ರಿ. ಳ.”

“ಳ.”

“ಹಾಂ. ಈಗ ಬರೀರಿ.”

ಆಕೆ ಪೆನ್ಸಿಲ್ ತೆಗೆದು ಅದೇ ಪತ್ರದ ಕೆಳಗೆ ಕಳಿಸಲಿಲ್ಲ, ಕಳಿಸಲಿಲ್ಲ ಎಂದು ಹತ್ತು ಸಲ ಬರೆದಳು. ಬರೆದು, ಸರಿ ಇದೆಯೇ ಎಂದು ಅಪ್ಪನ ಕಡೆ ತಿರುಗಿಸಿ ತೋರಿಸಿದಳು. ಒಂದು ಮಾತು, ತಪ್ಪಾಯಿತು ಎಂಬ ಒಂದು ಮಾತು, ಆ ಬಾಯಿಂದ ಬರಲಿಲ್ಲ. ಆಕೆಗೆ ಅದು ಪರೀಕ್ಷೆಯ ಅಭ್ಯಾಸ. ಅಪ್ಪ ನೋಡಿ, “ಪಾಸ್ ಆಗ್ತೀರಿ,” ಅಂದು ಹೊರಗೆ ಬಂದ.

ಬಸ್ಸಿಗೆ ಬಿಡಲು ಹೋದಾಗ ನಾನು ದಾರಿಯುದ್ದಕ್ಕೂ ಅತ್ತೆ. “ಹಂಥಾ ಹೆಂಗಸಿಗೆ ಪಾಠ ಹೇಳಿ ಬಂದಿಯಲ್ಲಪ್ಪಾ,” ಅಂದೆ.

“ನಾ ಜಗಳಾಡ್ಬೇಕಂತ ಬಂದಿದ್ದೆ,” ಅಂದ ಅಪ್ಪ. “ಎದುರಿಗಿದ್ದಾಕಿಗಿ ನಾಚಿಕಿ ಅನ್ನೋದು ಇದ್ರ ಜಗಳಾಡಬಹುದು.”

ರೂತ್‌ಗೆ ಹೇಳೋಣವೇ ಎಂದು ಕೇಳಿದೆ. ಅವಳು ಆಗ ಬಸುರಿ. ಅಪ್ಪ, “ಈಗ ಹೇಳಿ ಆಕೀಗಿ ಏನು ಕೊಡ್ತಿ? ಬ್ಯಾಡ,” ಅಂದ. ನಾನು ಒಪ್ಪಿದೆ. ಅಪ್ಪ ನಾಲ್ಕು ವರ್ಷದಲ್ಲಿ ತೀರಿಕೊಂಡ.

ಮೇಟ್ರನ್ ಬಾಯಿ ಪಾಸಾದಳು. ಪಾಸಾದ ತಿಂಗಳಲ್ಲೇ ನನ್ನ ತಬಾದಲಾ ಆಯಿತು. ಭಾಲ್ಕಿಯ ಒಂದು ಸಣ್ಣ ದವಾಖಾನೆಗೆ. ಡಾಕ್ಟರು ವಾರಕ್ಕೆ ಎರಡು ದಿನ, ಉಳಿದ ದಿನ ನಾನೇ ಎಲ್ಲ. ಬದಲಿಯ ಕಾಗದದ ಶಿಫಾರಸು ಕನ್ನಡದಲ್ಲಿತ್ತು, ಆಕೆಯ ಅಕ್ಷರದಲ್ಲಿ. ಒಂದೂ ತಪ್ಪಿರಲಿಲ್ಲ. ಕಲಿಸಿದವಳು ಕಣ್ಣ ಮುಂದೆ ಇರುವುದು ಆಕೆಗೆ ಬೇಕಿರಲಿಲ್ಲ.

ಆಮೇಲೆ ಆಕೆಯನ್ನು ನಾನು ನೋಡಿದ್ದು ಒಂದೇ ಸಲ, ಆಕೆಯ ನಿವೃತ್ತಿಯ ಸಮಾರಂಭದಲ್ಲಿ. ಹೋಗಬಾರದಿತ್ತು, ಜಿಲ್ಲೆಯ ನರ್ಸುಗಳೆಲ್ಲ ಬರಬೇಕೆಂದು ಆದೇಶವಿತ್ತು. ಹಾರ ಹಾಕಿದರು, ಶಾಲು ಹೊದಿಸಿದರು. ಆಕೆ ಅಚ್ಚ ಕನ್ನಡದಲ್ಲಿ ಮಾತಾಡಿದಳು. “ಹಳ್ಳಿಯಿಂದ ಬಂದ ಹುಡುಗಿಯರನ್ನು ನಾನು ಸ್ವಂತ ಮಕ್ಕಳಂತೆ ನೋಡಿಕೊಂಡೆ. ಯಾರ ದಾರಿಗೂ ಅಡ್ಡ ಬರಲಿಲ್ಲ,” ಅಂದಳು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಟೆ. ಕಬ್ಬಿಣದ ಕುರ್ಚಿ ಫರಸಿಯ ಮೇಲೆ ಕಿರ್ರೆಂದಿತು, ಆಕೆ ಈ ಕಡೆ ನೋಡಿದಳು. ಗುರುತು ಹಿಡಿದಳು ಎಂದು ನನಗೆ ಖಾತ್ರಿ ಇದೆ. ಮಾತು ಮಾತ್ರ ಒಂದು ಕ್ಷಣವೂ ತಡೆಯಲಿಲ್ಲ.

ಇಷ್ಟನ್ನು ಬರೆದು ನಿಲ್ಲಿಸಿದ್ದೆ. ಆದರೆ ನಿನ್ನೆ ಕಮಲನಗರಕ್ಕೆ ಹೋದೆ. ರೂತ್‌ಗೆ ಈಗ ಐವತ್ತು ದಾಟಿದೆ. ಗಂಡ ಒಳ್ಳೆಯವನು, ಮಕ್ಕಳು ಐದು, ಸೊಸೆಯಂದಿರು ಬಂದಿದ್ದಾರೆ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ರೂತ್ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಾನೂ ಮೊರ ಹಿಡಿದು ಕೂತೆ.

“ನಮ್ಮ ಮೇಟ್ರನ್ ಬಾಯಿ ಸತ್ತಳಂತ,” ಅಂದೆ.

“ಯಾರಕ್ಕಾ ಅದು?”

ಯಾರು! ನಲವತ್ತು ವರ್ಷ ನಾನು ಹಗಲೂ ರಾತ್ರಿಯೂ ಶಪಿಸಿದ ಹೆಂಗಸು ನನ್ನ ತಂಗಿಗೆ ಯಾರೂ ಅಲ್ಲ. ಅಪ್ಪ ಬೇಡವೆಂದಿದ್ದ ಮಾತನ್ನು ಆಗ ಹೇಳಿದೆ. ನೌಕರಿ, ಕ್ವಾರ್ಟರ್ಸು, ಕಪಾಟು, ಪತ್ರ, ಎಲ್ಲ. ರೂತ್ ಮೊರ ಕೆಳಗಿಟ್ಟಳು.

“ನನಗ ಸಾಲಿಗೆ ಕಳಿಸ್ಬೇಕಂತ ಮಾಡಿದ್ದಿಯೇನು ನೀ?”

“ಮತ್ತ? ಅದಕ್ಕೇ ಅರ್ಜಿ ಹಾಕಿದ್ದೆ.”

“ನಾ ತಿಳ್ಕೊಂಡಿದ್ದೆ, ನೀ ನೌಕ್ರಿಗೆ ಹೋದಿ, ನನ್ನ ಮರ್ತಿ ಅಂತ. ಲಗ್ನದಾಗ ನಿನ್ನ ಮಾರಿ ನೋಡ್ಬಾರ್ದಂತ ಆಣಿ ಮಾಡಿದ್ದೆ.” ಅವಳು ಕೈಯಲ್ಲಿದ್ದ ಎರಡು ಕಾಳುಗಳನ್ನು ಮೊರದೊಳಗೆ ಬಿಟ್ಟಳು. “ಒಂದು ಸಲ ಹೇಳಿದ್ರ ಆಗ್ತಿತ್ತಲ್ಲಕ್ಕಾ.”

ಆಗುತ್ತಿತ್ತು. ಅಪ್ಪ ಸತ್ತ ಮೇಲೆ ಯಾವ ದಿನ ಬೇಕಾದರೂ ಹೇಳಬಹುದಿತ್ತು. ಸಿಟ್ಟನ್ನೆಲ್ಲ ಬೀದರಿನ ಕಡೆ ತಿರುಗಿಸಿಕೊಂಡು ಕೂತಿದ್ದೆ, ಕಮಲನಗರದ ಬಸ್ಸು ಹತ್ತುವಾಗ ಆ ಮಾತು ನಾಲಿಗೆಗೆ ಬರಲಿಲ್ಲ. ಇದಕ್ಕೂ ನಾನು ಮೇಟ್ರನ್ ಬಾಯಿಯನ್ನೇ ಬೈಯಬೇಕೆಂದು ನೋಡಿದೆ. ಆಗಲಿಲ್ಲ.

ರೂತ್ ಮತ್ತೆ ಮೊರ ಎತ್ತಿಕೊಂಡಳು. ಆಮೇಲೆ ಹತ್ತಿರ ಸರಿದು, ಸೊಸೆಯಂದಿರಿಗೆ ಕೇಳಿಸದಂತೆ ಕೇಳಿದಳು.

“ಅಕ್ಕಾ, ಆ ಸಾಲಿ ಎಷ್ಟು ದೂರ ಇತ್ತು ಮನೀದಿಂದ? ನನಗ ದಮ್ಮು ಇತ್ತಲ್ಲ. ನಡೀಲಿಕ್ಕೆ ಆಗ್ತಿತ್ತೇನು?”

ನಾನು ಆ ಊರನ್ನು ಒಂದು ಸಲವೂ ನೋಡಿಲ್ಲ. ಅಲ್ಲಿ ಶಾಲೆ ಎಲ್ಲಿತ್ತೋ, ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

“ಆಗ್ತಿತ್ತು,” ಅಂದೆ. “ಹತ್ರನೇ ಇತ್ತು. ಹಾದಿ ತುಂಬ ಗಿಡದ ನೆಳ್ಳಿತ್ತು. ನಿಧಾನಕ ನಡ್ಕೋತ ಹೋಗ್ತಿದ್ದಿ.”